ಕಣ್ಣಿನ ಸುತ್ತ ಬಾವು: ಸೋಂಕೋ, ಬರೀ ಉರಿಯೂತವೋ?

ಅಡಿಕೆ ತೋಟದಲ್ಲಿ ಒಂದು ಮರದ ಸೋಗೆ ಹಳದಿಯಾಯಿತೆಂದು ಇಟ್ಟುಕೊಳ್ಳೋಣ. ನಾವೇನು ಮಾಡುತ್ತೇವೆ? ಬಸಿಗಾಲುವೆ ಕಟ್ಟಿ ಬುಡದಲ್ಲಿ ನೀರು ನಿಂತಿದೆಯೇ ಎಂದು ನೋಡುತ್ತೇವೆ. ಗೊಬ್ಬರ ಸಾಲದೆ ಹೋಯಿತೇ ಎಂದು ಯೋಚಿಸುತ್ತೇವೆ. ಹಳದಿ ಎಲೆ ರೋಗವೇ ತಗಲಿತೇ ಎಂದು ಹೆದರುತ್ತೇವೆ. ಬಣ್ಣ ಒಂದೇ, ಕಾರಣ ಮೂರು. ನೀರು ನಿಂತ ಮರಕ್ಕೆ ಗೊಬ್ಬರ ಸುರಿದರೆ ಗೊಬ್ಬರವೂ ಹೋಯಿತು, ಮರವೂ ಹೋಯಿತು. ಆದುದರಿಂದ ಅನುಭವಸ್ಥ ಕೃಷಿಕ ಮೊದಲು ಬುಡ ಬಿಡಿಸಿ ಬೇರನ್ನು ನೋಡುತ್ತಾನೆ. ಔಷಧಿಯ ಮಾತು ಆಮೇಲೆ.

ಕಣ್ಣಿನ ಸುತ್ತ ಬರುವ ಬಾವಿನ ಕಥೆಯೂ ಹೀಗೆಯೇ. ರೆಪ್ಪೆ ಊದಿಕೊಂಡಿದೆ, ಕಣ್ಣು ಕೆಂಪಾಗಿದೆ, ನೋಯುತ್ತಿದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರಹ. ಆದರೆ ಒಳಗಿನ ಕಾರಣ ಬೇರೆ ಬೇರೆ, ಚಿಕಿತ್ಸೆಯೂ ಬೇರೆ ಬೇರೆ. ಕೆಲವೊಮ್ಮೆ ಒಂದರ ಔಷಧಿ ಇನ್ನೊಂದಕ್ಕೆ ವಿಷ. ಇಲ್ಲಿ ಬುಡ ಅಗೆದು ನೋಡುವಂತೆಯೂ ಇಲ್ಲ. ಅಗೆಯದೆ ಒಳಗನ್ನು ನೋಡುವ ವಿದ್ಯೆಯೇ ಸ್ಕ್ಯಾನ್. ಅದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ, ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ಈ ಸಲದ ಪಾಠದಲ್ಲಿ ತಿಳಿದುಕೊಳ್ಳೋಣ.

ಎರಡು ಪದಗಳ ಅರ್ಥ

ಸೋಂಕು ಎಂದರೆ ಹೊರಗಿನ ಜೀವಿಯೊಂದು ಒಳಗೆ ಹೊಕ್ಕು ಬೆಳೆಯುವುದು. ಅದು ಬ್ಯಾಕ್ಟೀರಿಯಾ ಇರಬಹುದು, ವೈರಸ್ ಇರಬಹುದು, ಶಿಲೀಂಧ್ರ ಅಂದರೆ ಬೂಷ್ಟು ಇರಬಹುದು. ಉರಿಯೂತ ಎಂದರೆ ನಮ್ಮ ದೇಹವೇ ಎಬ್ಬಿಸುವ ಗದ್ದಲ. ರಕ್ತನಾಳಗಳು ಹಿಗ್ಗುತ್ತವೆ, ನೀರು ಒಸರುತ್ತದೆ, ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಅದರಿಂದಲೇ ಕೆಂಪು, ಬಿಸಿ, ಬಾವು, ನೋವು.

ಸೋಂಕು ತಗಲಿದಾಗ ಉರಿಯೂತ ಬರುವುದು ಸಹಜ. ಕಳ್ಳ ಬಂದಾಗ ನಾಯಿ ಬೊಗಳಿದ ಹಾಗೆ. ಆದರೆ ಕಳ್ಳನಿಲ್ಲದೆಯೂ ನಾಯಿ ಬೊಗಳುವುದುಂಟು. ದೇಹದ ರಕ್ಷಣಾ ಪಡೆ ತನ್ನ ಮನೆಯವರನ್ನೇ ಶತ್ರುವೆಂದು ತಿಳಿದು ಕಣ್ಣಿನ ಹಿಂದಿನ ಸ್ನಾಯುಗಳ ಮೇಲೆ, ಕೊಬ್ಬಿನ ಮೇಲೆ, ಕಣ್ಣೀರಿನ ಗ್ರಂಥಿಯ ಮೇಲೆ ಬೀಳುತ್ತದೆ. ಇದು ಕ್ರಿಮಿಯಿಲ್ಲದ ಉರಿಯೂತ.

ಕಳ್ಳನಿದ್ದರೆ ಕಳ್ಳನನ್ನು ಹಿಡಿಯಬೇಕು: ಆಂಟಿಬಯಾಟಿಕ್, ಬೂಷ್ಟಿಗೆ ಅದರದೇ ಔಷಧಿ, ಕೀವಿದ್ದರೆ ಹೊರತೆಗೆಯುವುದು. ಕಳ್ಳನಿಲ್ಲದಿದ್ದರೆ ನಾಯಿಯನ್ನು ಸುಮ್ಮನಿರಿಸಬೇಕು: ಅದಕ್ಕೆ ಸ್ಟಿರಾಯ್ಡ್. ಇದನ್ನು ತಿರುಗುಮುರುಗು ಮಾಡಿದರೆ ಏನಾದೀತು? ಕಳ್ಳ ಒಳಗಿರುವಾಗಲೇ ನಾಯಿಯ ಬಾಯಿ ಕಟ್ಟಿದಂತೆ. ಎರಡು ದಿನ ಬಾವು ಇಳಿದಂತೆ ಕಾಣುತ್ತದೆ, ಮನೆಯವರು ಸಮಾಧಾನ ಪಡುತ್ತಾರೆ, ಒಳಗೆ ಮನೆ ಬರಿದಾಗುತ್ತಿರುತ್ತದೆ.

ಕಣ್ಣಿನ ಗೂಡು

ಕಣ್ಣುಗುಡ್ಡೆ ಏಳು ಮೂಳೆಗಳು ಸೇರಿದ ಒಂದು ಗೂಡಿನಲ್ಲಿ ಕುಳಿತಿದೆ. ದೊಡ್ಡವರಲ್ಲಿ ಈ ಗೂಡಿನ ಒಳಜಾಗ ಸುಮಾರು 30 ಮಿಲಿಲೀಟರ್, ಅಂದರೆ ದೊಡ್ಡ ಚಮಚದಲ್ಲಿ ಎರಡು ಚಮಚ ನೀರು ಹಿಡಿಯುವಷ್ಟು. ಇಷ್ಟರೊಳಗೆ ಗುಡ್ಡೆ, ಅದನ್ನು ತಿರುಗಿಸುವ ಸ್ನಾಯುಗಳು, ಮೆತ್ತನೆಯ ಕೊಬ್ಬು, ರಕ್ತನಾಳಗಳು ಮತ್ತು ನೋಟವನ್ನು ಮೆದುಳಿಗೆ ಒಯ್ಯುವ ನರ ಇವೆ. ಸುತ್ತ ಮೂಳೆ ಇರುವುದರಿಂದ ಹಿಗ್ಗಲು ಜಾಗವಿಲ್ಲ. ಒಳಗೆ ಬಾವು ಬಂದರೆ ಗುಡ್ಡೆ ಮುಂದಕ್ಕೆ ತಳ್ಳಲ್ಪಡುತ್ತದೆ, ನರ ಅದುಮಲ್ಪಡುತ್ತದೆ. ಅದುಮಿದ ನರ ಹೆಚ್ಚು ಹೊತ್ತು ತಾಳಲಾರದು. ಆದುದರಿಂದ ಇಲ್ಲಿ ನಾಳೆ ನೋಡೋಣ ಎಂಬ ಮಾತು ಅಪಾಯಕರ.

ಈ ಗೂಡಿಗೆ ಎರಡು ಗೋಡೆಗಳನ್ನು ನೆನಪಿಡಬೇಕು. ಮೊದಲನೆಯದು ರೆಪ್ಪೆಯ ಒಳಗಿರುವ ತೆಳು ಪರದೆ. ಬಾವು ಈ ಪರದೆಯ ಮುಂದೆ ಇದ್ದರೆ ಅದು ರೆಪ್ಪೆಯ ರೋಗ. ಹೆಚ್ಚಾಗಿ ಔಷಧಿಯಿಂದಲೇ ವಾಸಿಯಾಗುತ್ತದೆ. ಪರದೆಯ ಹಿಂದೆ ಹೋದರೆ ಅದು ಗೂಡಿನ ರೋಗ, ಆಸ್ಪತ್ರೆಗೆ ದಾಖಲಾಗಬೇಕು. ಎರಡನೆಯದು ಮೂಗಿನ ಕಡೆಯ ಮೂಳೆ. ಇದು ಕಾಗದದಷ್ಟು ತೆಳು. ಅದರ ಆಚೆ ಮೂಗಿನ ಪಕ್ಕದ ಗಾಳಿಗೂಡುಗಳಿವೆ. ಇವನ್ನು ಸೈನಸ್ ಎನ್ನುತ್ತೇವೆ. ಶೀತ ಜೋರಾಗಿ ಸೈನಸ್ಸಿನಲ್ಲಿ ಕೀವು ತುಂಬಿದಾಗ ಅದು ಈ ಕಾಗದದ ಗೋಡೆ ದಾಟಿ ಕಣ್ಣಿನ ಗೂಡಿಗೆ ಇಳಿಯುತ್ತದೆ. ಮಕ್ಕಳಲ್ಲಿ ಕಣ್ಣಿನ ಗೂಡಿನ ಸೋಂಕಿಗೆ ಇದೇ ಬಹು ಸಾಮಾನ್ಯ ದಾರಿ.

1970ರಲ್ಲಿ ಚಾಂಡ್ಲರ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಸೈನಸ್ಸಿನಿಂದ ಕಣ್ಣಿಗೆ ಬರುವ ಸೋಂಕನ್ನು ಐದು ಗುಂಪುಗಳಾಗಿ ವಿಂಗಡಿಸಿದರು. ಪರದೆಯ ಮುಂದಿನ ಬಾವು ಒಂದು. ಪರದೆಯ ಹಿಂದಿನ ಬಾವು ಎರಡು. ಮೂಳೆಗೂ ಅದರ ಹೊದಿಕೆಗೂ ನಡುವೆ ಕೀವು ಕೂಡಿದರೆ ಮೂರು. ಗೂಡಿನ ಕೊಬ್ಬಿನಲ್ಲೇ ಕೀವು ಕೂಡಿದರೆ ನಾಲ್ಕು. ಮೆದುಳಿನ ಬುಡದ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಐದು. ಐದನೆಯದಾದರೆ ಪ್ರಾಣಕ್ಕೇ ಸಂಚಕಾರ. ವೈದ್ಯರು ಇಂದಿಗೂ ಈ ಲೆಕ್ಕವನ್ನು ಬಳಸುತ್ತಾರೆ.

ಮೂರು ಮನೆ, ಮೂರು ಕಣ್ಣು

ಪಾಠಕ್ಕಾಗಿ ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲ ಮನೆಯಲ್ಲಿ ಏಳು ವರ್ಷದ ಹುಡುಗ. ಐದು ದಿನದಿಂದ ಶೀತ, ಮೂಗು ಕಟ್ಟಿದೆ. ನಿನ್ನೆ ಎಡಗಣ್ಣಿನ ರೆಪ್ಪೆ ಊದಿತು. ಇಂದು ಜ್ವರ. ಕಣ್ಣು ತಿರುಗಿಸು ಎಂದರೆ ಅಳುತ್ತಾನೆ.

ಎರಡನೆಯ ಮನೆಯಲ್ಲಿ 35 ವರ್ಷದ ಕೃಷಿಕ. ಶೀತವಿಲ್ಲ, ಜ್ವರವಿಲ್ಲ. ಎರಡು ದಿನದಲ್ಲಿ ಬಲಗಣ್ಣು ಕೆಂಪಾಗಿ ನೋಯತೊಡಗಿತು, ಗುಡ್ಡೆ ಸ್ವಲ್ಪ ಮುಂದೆ ಬಂದಿದೆ, ಪಕ್ಕಕ್ಕೆ ನೋಡಿದರೆ ಒಂದು ಮರ ಎರಡಾಗಿ ಕಾಣುತ್ತದೆ.

ಮೂರನೆಯ ಮನೆಯಲ್ಲಿ 58 ವರ್ಷದ ಅಜ್ಜಿ. ಹಲವು ವರ್ಷದ ಸಕ್ಕರೆ ಕಾಯಿಲೆ, ಸರಿಯಾಗಿ ಮಾತ್ರೆ ತೆಗೆದುಕೊಳ್ಳುವುದಿಲ್ಲ. ಕೆನ್ನೆ ಜೋಮು ಹಿಡಿದಂತೆ ಇದೆ, ಒಂದೇ ಬದಿಯ ತಲೆನೋವು, ಕಣ್ಣಿನ ಸುತ್ತ ಬಾವು, ಮೂಗಿನಿಂದ ಕಪ್ಪು ಬಣ್ಣದ ಹಕ್ಕಳೆ. ಜ್ವರ ಅಷ್ಟಿಲ್ಲ.

ಹೊರಗಿನಿಂದ ನೋಡಿದರೆ ಮೂರೂ ಊದಿದ ಕಣ್ಣು. ಮೂವರಿಗೂ ನೆರೆಮನೆಯವರು ಹೇಳುವುದು ಒಂದೇ: ಕಣ್ಣು ಬಂದಿರಬೇಕು, ಡ್ರಾಪ್ಸ್ ಹಾಕಿ. ಈಗ ಒಳಗೆ ನೋಡೋಣ.

ರೈತನ ಮಗ ಕೊಟ್ಟ ಯಂತ್ರ

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಮೂಳೆ ಮುರಿದುದನ್ನು ನೋಡಲು ಅದು ಸಾಕಾಯಿತು. ಆದರೆ ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಮುಂದಿನದು, ಹಿಂದಿನದು ಎಲ್ಲವೂ ಒಂದರ ಮೇಲೊಂದು ಬೀಳುತ್ತದೆ. ಕಣ್ಣಿನ ಗೂಡಿನಂಥ ಚಿಕ್ಕ ಜಾಗದಲ್ಲಿ ಕೊಬ್ಬು ಯಾವುದು, ಕೀವು ಯಾವುದು ಎಂದು ಅದು ಹೇಳಲಾರದು.

ಈ ತೊಡಕನ್ನು ಬಿಡಿಸಿದವರು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1919ರಲ್ಲಿ ಹುಟ್ಟಿದ ಇವರು ರೈತನೊಬ್ಬನ ಐದು ಮಕ್ಕಳಲ್ಲಿ ಕೊನೆಯವರು. ಹೊಲದ ಒಕ್ಕುವ ಯಂತ್ರ, ಕೊಯ್ಲಿನ ಯಂತ್ರಗಳನ್ನು ನೋಡುತ್ತ ಬೆಳೆದರು. ಸುತ್ತಲೂ ಹಲವು ಕೋನಗಳಿಂದ ಕ್ಷ-ಕಿರಣ ಹಾಯಿಸಿ, ಕಂಪ್ಯೂಟರಿನಿಂದ ಲೆಕ್ಕ ಹಾಕಿದರೆ ತಲೆಯನ್ನು ಕತ್ತರಿಸದೆಯೇ ಹೋಳು ಹೋಳಾಗಿ ನೋಡಬಹುದು ಎಂದು ತೋರಿಸಿಕೊಟ್ಟರು. 1971ರ ಅಕ್ಟೋಬರ್ 1ರಂದು ಲಂಡನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ನಡೆಯಿತು. ಇದೇ ಸಿ.ಟಿ. ಸ್ಕ್ಯಾನ್. 1979ರಲ್ಲಿ ಅಲನ್ ಕಾರ್ಮಕ್ ಅವರೊಂದಿಗೆ ಹೌನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಬಹುಮಾನ ದೊರಕಿತು.

ಎಂ.ಆರ್.ಐ. ಎಂಬುದು ಬೇರೆ ಯಂತ್ರ. ಅದರಲ್ಲಿ ಕ್ಷ-ಕಿರಣವಿಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ದೇಹದೊಳಗಿನ ನೀರಿನ ಅಂಶವನ್ನು ಓದಿ ಚಿತ್ರ ಬರೆಯುತ್ತದೆ. ಇದಕ್ಕೆ ದುಡಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಸಿ.ಟಿ. ಚಿತ್ರದಲ್ಲಿ ಏನು ಕಾಣುತ್ತದೆ?

ಸಿ.ಟಿ. ಚಿತ್ರದಲ್ಲಿ ಮೂಳೆ ಬಿಳಿ, ಗಾಳಿ ಕಪ್ಪು, ಸ್ನಾಯು ಬೂದು, ಕೊಬ್ಬು ಗಾಢ ಬೂದು. ಆರೋಗ್ಯವಂತರ ಕಣ್ಣಿನ ಹಿಂದಿನ ಕೊಬ್ಬು ಶುಭ್ರವಾಗಿ, ಒಂದೇ ಬಣ್ಣದಲ್ಲಿ ಕಾಣುತ್ತದೆ. ಸೈನಸ್ ಗಾಳಿಯಿಂದ ತುಂಬಿ ಕಪ್ಪಾಗಿರುತ್ತದೆ.

ವೈದ್ಯರು ಮೊದಲು ನೋಡುವುದು ಬಾವು ಪರದೆಯ ಮುಂದಿದೆಯೇ, ಹಿಂದಿದೆಯೇ ಎಂದು. ಹಿಂದಿನ ಕೊಬ್ಬು ಶುಭ್ರವಾಗಿದ್ದರೆ ಗಂಡಾಂತರ ಕಡಿಮೆ. ಕೊಬ್ಬಿನಲ್ಲಿ ಹೊಗೆ ಹಬ್ಬಿದಂತೆ ಗೆರೆಗಳು ಕಂಡರೆ ಬಾವು ಹಿಂದಕ್ಕೆ ಹೋಗಿದೆ.

ಎರಡನೆಯದು ಸೈನಸ್. ಕಪ್ಪಾಗಿರಬೇಕಾದುದು ಬೂದು ಬಣ್ಣದಿಂದ ತುಂಬಿಹೋಗಿದ್ದರೆ ಅಲ್ಲಿ ಕೀವೋ ಲೋಳೆಯೋ ಇದೆ. ಊದಿದ ಕಣ್ಣಿನ ಪಕ್ಕದ ಸೈನಸ್ಸೇ ತುಂಬಿದ್ದರೆ ಸೋಂಕಿನ ಕಡೆಗೆ ಬಲವಾದ ಸಾಕ್ಷಿ. ಸೈನಸ್ ಎಲ್ಲವೂ ಚೊಕ್ಕವಾಗಿದ್ದರೆ ಕ್ರಿಮಿಯಿಲ್ಲದ ಉರಿಯೂತದ ಯೋಚನೆ ಬರುತ್ತದೆ.

ಮೂರನೆಯದು ಕೀವಿನ ಗಡ್ಡೆ. ಇದಕ್ಕೆ ಕೈಯ ರಕ್ತನಾಳದ ಮೂಲಕ ಅಯೋಡಿನ್ ಇರುವ ಒಂದು ಔಷಧಿ ಕೊಡುತ್ತಾರೆ. ರಕ್ತ ಹರಿಯುವಲ್ಲೆಲ್ಲ ಅದು ಹೋಗಿ ಚಿತ್ರದಲ್ಲಿ ಬೆಳಗುತ್ತದೆ. ಕೀವಿನ ಗಡ್ಡೆಯ ಅಂಚಿನಲ್ಲಿ ರಕ್ತವಿದೆ, ನಡುವಿನಲ್ಲಿ ಇಲ್ಲ. ಆದುದರಿಂದ ಅಂಚು ಬೆಳಗಿದ ಉಂಗುರದಂತೆ, ನಡು ಕಪ್ಪಾಗಿ ಕಾಣುತ್ತದೆ.

ನಾಲ್ಕನೆಯದು ಸ್ನಾಯು. ಥೈರಾಯ್ಡ್ ತೊಂದರೆಯಿಂದ ಬರುವ ಕಣ್ಣಿನ ರೋಗದಲ್ಲಿ ಸಾಮಾನ್ಯವಾಗಿ ಸ್ನಾಯುವಿನ ಹೊಟ್ಟೆ ದಪ್ಪವಾಗುತ್ತದೆ, ಗುಡ್ಡೆಗೆ ಅಂಟುವ ತುದಿ ತೆಳ್ಳಗೇ ಉಳಿಯುತ್ತದೆ. ಹೆಚ್ಚಾಗಿ ಎರಡೂ ಕಣ್ಣುಗಳಲ್ಲಿ, ಅದರಲ್ಲೂ ಕೆಳಗಿನ ಮತ್ತು ಮೂಗಿನ ಕಡೆಯ ಸ್ನಾಯುಗಳಲ್ಲಿ ಇದು ಮೊದಲು ಕಾಣುತ್ತದೆ. ಕಾರಣ ತಿಳಿಯದ ಉರಿಯೂತದಲ್ಲಾದರೋ ಹೊಟ್ಟೆಯ ಜೊತೆ ತುದಿಯೂ ದಪ್ಪವಾಗಬಹುದು, ಹೆಚ್ಚಾಗಿ ಒಂದೇ ಕಣ್ಣಿನಲ್ಲಿ, ನೋವಿನೊಂದಿಗೆ. ಕಣ್ಣೀರಿನ ಗ್ರಂಥಿಯೂ ಊದಿರಬಹುದು.

ಎಂ.ಆರ್.ಐ. ಯಾವಾಗ?

ಸಿ.ಟಿ.ಗೆ ಕೆಲವೇ ನಿಮಿಷ ಸಾಕು. ಮೂಳೆ, ಸೈನಸ್ ಚೆನ್ನಾಗಿ ಕಾಣುತ್ತದೆ. ತುರ್ತಿನಲ್ಲಿ ಮೊದಲು ಅದೇ. ಎಂ.ಆರ್.ಐ.ಗೆ ಅರ್ಧ ತಾಸು ಅಥವಾ ಹೆಚ್ಚು ಬೇಕು, ಅಲುಗಾಡದೆ ಮಲಗಬೇಕು. ಸಣ್ಣ ಮಕ್ಕಳಿಗೆ ನಿದ್ರೆಯ ಔಷಧಿ ಕೊಡಬೇಕಾಗಬಹುದು. ಆದರೆ ಮೆತ್ತನೆಯ ಭಾಗಗಳು, ನರ, ಮೆದುಳಿನ ಬುಡ ಇವುಗಳನ್ನು ಅದು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

ಎಂ.ಆರ್.ಐ.ಯಲ್ಲಿ ಒಂದು ಉಪಯುಕ್ತ ವಿಧಾನವಿದೆ. ಅದು ನೀರಿನ ಕಣಗಳ ಓಡಾಟವನ್ನು ಅಳೆಯುತ್ತದೆ. ತಿಳಿನೀರಿನ ತೋಡಿನಲ್ಲಿ ಮೀನು ಸಲೀಸಾಗಿ ಓಡುತ್ತದೆ, ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ಬರೀ ಬಾವಿನಲ್ಲಿ ನೀರಿನ ಕಣಗಳು ಓಡಾಡುತ್ತವೆ. ದಪ್ಪ ಕೀವಿನಲ್ಲಿ ಸಿಕ್ಕಿಬೀಳುತ್ತವೆ. ಸಿಕ್ಕಿಬಿದ್ದ ಜಾಗ ಆ ಚಿತ್ರದಲ್ಲಿ ಹೊಳೆಯುತ್ತದೆ. ಕೀವು ಇದೆಯೋ ಇಲ್ಲವೋ ಎಂಬ ಸಂಶಯ ಬಂದಾಗ, ಅಯೋಡಿನ್ ಔಷಧಿ ಕೊಡಲಾಗದ ರೋಗಿಗಳಲ್ಲಿ, ಇದು ಬಹಳ ನೆರವಾಗುತ್ತದೆ. ಆದರೆ ಒತ್ತೊತ್ತಾಗಿ ಜೀವಕೋಶ ಬೆಳೆದ ಕೆಲವು ಗಡ್ಡೆಗಳೂ ಹೀಗೆ ಹೊಳೆಯುತ್ತವೆ. ಆದುದರಿಂದ ಹೊಳೆದದ್ದೆಲ್ಲ ಕೀವಲ್ಲ.

ಈಗ ಮೂರು ಮನೆಗೆ ಹಿಂದಿರುಗೋಣ

ಹುಡುಗನ ಸಿ.ಟಿ.ಯಲ್ಲಿ ಎಡಗಡೆಯ ಸೈನಸ್ ತುಂಬಿದೆ, ಕಾಗದದ ಗೋಡೆಗೆ ಒರಗಿ ಉಂಗುರದಂಥ ಅಂಚಿನ ಸಣ್ಣ ಕೀವಿನ ಗಡ್ಡೆ ಇದೆ. ಇದು ಚಾಂಡ್ಲರರ ಮೂರನೆಯ ಗುಂಪು. ರಕ್ತನಾಳದ ಮೂಲಕ ಆಂಟಿಬಯಾಟಿಕ್ ಬೇಕು. ಸಣ್ಣ ಮಕ್ಕಳಲ್ಲಿ ಗಡ್ಡೆ ಚಿಕ್ಕದಾಗಿದ್ದು ನೋಟ ಸರಿಯಿದ್ದರೆ ಕಣ್ಗಾವಲಿನಲ್ಲಿಟ್ಟು ಔಷಧಿಯಿಂದಲೇ ಗುಣಪಡಿಸುವುದುಂಟು. ನೋಟ ಕುಂದಿದರೆ, ಒಂದೆರಡು ದಿನದಲ್ಲಿ ಇಳಿಯದಿದ್ದರೆ ಕೀವು ತೆಗೆಯಬೇಕು. ಇಂಥ ಮಗುವಿಗೆ ಸ್ಕ್ಯಾನ್ ಆಗುವವರೆಗೆ ಔಷಧಿ ಕಾಯುವುದಿಲ್ಲ. ಸಂಶಯ ಬಂದೊಡನೆ ವೈದ್ಯರು ಆಂಟಿಬಯಾಟಿಕ್ ಶುರುಮಾಡುತ್ತಾರೆ.

ಕೃಷಿಕನ ಚಿತ್ರದಲ್ಲಿ ಸೈನಸ್ ಚೊಕ್ಕ. ಕೀವಿಲ್ಲ. ಹೊರಗಡೆಯ ಸ್ನಾಯು ತುದಿಯ ತನಕ ದಪ್ಪವಾಗಿದೆ. ರಕ್ತಪರೀಕ್ಷೆಯಲ್ಲಿ ಸೋಂಕಿನ ಗುರುತಿಲ್ಲ, ಥೈರಾಯ್ಡ್ ಸರಿ ಇದೆ. ಕ್ರಿಮಿಯಿಲ್ಲದ ಉರಿಯೂತ ಎಂಬ ನಿರ್ಧಾರಕ್ಕೆ ವೈದ್ಯರು ಒಂದೊಂದೇ ಕಾರಣವನ್ನು ಬದಿಗೆ ಸರಿಸಿ ಬರುತ್ತಾರೆ. ಸ್ಟಿರಾಯ್ಡ್ ಕೊಟ್ಟರೆ ಹೆಚ್ಚಾಗಿ ಒಂದೆರಡು ದಿನದಲ್ಲೇ ನೋವು ಇಳಿಯುತ್ತದೆ. ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ಮೆಲ್ಲ ಮೆಲ್ಲನೆ ಇಳಿಸಬೇಕು. ಸ್ಟಿರಾಯ್ಡಿನಿಂದ ಇಳಿಯಿತು ಎಂದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಕೆಲವು ಬಗೆಯ ಕ್ಯಾನ್ಸರ್ ಗಡ್ಡೆಯೂ ಮೊದಲಿಗೆ ಇದರಿಂದ ಕುಗ್ಗುತ್ತದೆ. ಆದುದರಿಂದ ಸಂಶಯವಿದ್ದರೆ ಸಣ್ಣ ಚೂರು ತೆಗೆದು ಪರೀಕ್ಷಿಸುತ್ತಾರೆ.

ಅಜ್ಜಿಯ ಸ್ಥಿತಿ ಎಲ್ಲಕ್ಕಿಂತ ತುರ್ತು. ಎಂ.ಆರ್.ಐ.ಯಲ್ಲಿ ಔಷಧಿ ಕೊಟ್ಟಾಗ ಮೂಗಿನ ಒಳಭಾಗ ಬೆಳಗಬೇಕಿತ್ತು. ಒಂದು ಭಾಗ ಕಪ್ಪಾಗಿಯೇ ಉಳಿಯಿತು. ಪಂಪು ಬಿಟ್ಟಾಗ ತೋಟದ ಎಲ್ಲ ಕಣಿಗಳಿಗೂ ನೀರು ಹೋಗಿ ಒಂದು ಕಣಿ ಮಾತ್ರ ಒಣಗಿಯೇ ಉಳಿದರೆ ಅಲ್ಲಿ ದಾರಿ ಕಟ್ಟಿದೆ ಎಂದು ನಮಗೆ ಗೊತ್ತಾಗುತ್ತದೆ. ಇಲ್ಲಿಯೂ ಹಾಗೆಯೇ: ಬೂಷ್ಟು ರಕ್ತನಾಳಗಳನ್ನು ಹೊಕ್ಕು ಕಟ್ಟಿಬಿಟ್ಟಿದೆ, ರಕ್ತವಿಲ್ಲದೆ ಆ ಭಾಗ ಸತ್ತಿದೆ. ಇದು ಮ್ಯೂಕರ್ ಬೂಷ್ಟಿನ ರೋಗ. ಕೋವಿಡಿನ ಎರಡನೆಯ ಅಲೆಯಲ್ಲಿ, 2021ರಲ್ಲಿ, ಕಪ್ಪು ಶಿಲೀಂಧ್ರ ಎಂಬ ಹೆಸರಿನಿಂದ ಪತ್ರಿಕೆಗಳಲ್ಲಿ ಓದಿದ್ದು ಇದನ್ನೇ. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ರಾಜ್ಯಗಳಿಗೆ ತಿಳಿಸಿತ್ತು. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಮತ್ತು ಮಿತಿಮೀರಿದ ಸ್ಟಿರಾಯ್ಡ್ ಇದಕ್ಕೆ ಮುಖ್ಯ ದಾರಿ ಮಾಡಿಕೊಟ್ಟವು. ಈ ಬೂಷ್ಟಿನ ಬೀಜಕಣಗಳು ಮಣ್ಣಿನಲ್ಲಿ, ಕೊಳೆತ ಸೊಪ್ಪಿನಲ್ಲಿ, ಗೊಬ್ಬರದ ಗುಂಡಿಯಲ್ಲಿ ಇದ್ದೇ ಇವೆ. ಆರೋಗ್ಯವಂತರಿಗೆ ಅವು ಏನೂ ಮಾಡವು. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಅಜ್ಜಿಗೆ ಆಂಫೋಟೆರಿಸಿನ್ ಔಷಧಿ, ಸತ್ತ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆ, ಸಕ್ಕರೆಯ ಹತೋಟಿ ಮೂರೂ ಬೇಕು, ಅದೂ ಕೂಡಲೇ.

ಇದೇ ಅಜ್ಜಿಗೆ ಕೃಷಿಕನ ಸ್ಟಿರಾಯ್ಡ್ ಮಾತ್ರೆಯನ್ನು ಯಾರಾದರೂ ಕೊಟ್ಟಿದ್ದರೆ? ಈ ಪಾಠವನ್ನು ಬರೆಯಲು ನಮಗೆ ಇದೊಂದು ಪ್ರಶ್ನೆಯೇ ಸಾಕು. ಒಬ್ಬರ ಚೀಟಿಯ ಮಾತ್ರೆ ಇನ್ನೊಬ್ಬರ ಬಾಯಿಗೆ ಹೋಗಬಾರದು.

ಚಿತ್ರದ ಮಿತಿ

ಸ್ಕ್ಯಾನ್ ಕ್ರಿಮಿಯ ಹೆಸರು ಹೇಳುವುದಿಲ್ಲ. ಅದಕ್ಕೆ ಕೀವಿನ, ಅಂಗಾಂಶದ ಅಥವಾ ರಕ್ತದ ಪರೀಕ್ಷೆ ಬೇಕು. ಆರಂಭದ ದಿನಗಳಲ್ಲಿ ಸೋಂಕೂ ಬರೀ ಉರಿಯೂತವೂ ಚಿತ್ರದಲ್ಲಿ ಒಂದೇ ತರಹ ಕಾಣಬಹುದು. ಸೈನಸ್ ತುಂಬಿದ್ದರೂ ಕಣ್ಣಿನ ಬಾವಿಗೆ ಬೇರೆ ಕಾರಣವಿರಬಹುದು. ಆದುದರಿಂದ ವೈದ್ಯರು ಮೂರನ್ನು ಒಟ್ಟಿಗೆ ತೂಗುತ್ತಾರೆ: ರೋಗಿಯ ಕಥೆ, ಕಣ್ಣಿನ ಪರೀಕ್ಷೆ, ಚಿತ್ರ. ಕಥೆಯನ್ನು ಕೊಡಬೇಕಾದವರು ನಾವು. ಎಂದು ಶುರುವಾಯಿತು, ಶೀತವಿತ್ತೇ, ಹಲ್ಲುನೋವಿತ್ತೇ, ಪೆಟ್ಟಾಗಿತ್ತೇ, ಸಕ್ಕರೆ ಇದೆಯೇ, ಏನೇನು ಔಷಧಿ ಹಾಕಿದೆವು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಸೊಪ್ಪಿನ ರಸ ಹಿಂಡಿದ್ದರೆ ಅದನ್ನೂ ಹೇಳಿರಿ, ನಾಚಿಕೆ ಬೇಡ.

ಸ್ಕ್ಯಾನ್ ಬೇಡವಾದ ಬಾವು

ಪ್ರತಿಯೊಂದು ಊದಿದ ಕಣ್ಣಿಗೂ ಸ್ಕ್ಯಾನ್ ಬೇಕಿಲ್ಲ. ಕಣಜ ಕಚ್ಚಿದರೆ, ಕಂಬಳಿಹುಳದ ರೋಮ ತಾಗಿದರೆ ರೆಪ್ಪೆ ಊದುತ್ತದೆ. ತುರಿಕೆ ಹೆಚ್ಚು, ಗುಡ್ಡೆ ಎಲ್ಲ ಕಡೆಗೂ ಸಲೀಸಾಗಿ ತಿರುಗುತ್ತದೆ, ನೋಟ ಸರಿಯಿರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದ ಕೈಯಿಂದ ಕಣ್ಣು ಒರಸಿಕೊಂಡರೆ ಚರ್ಮ ಸುಟ್ಟು ಬಾವು ಬರುತ್ತದೆ. ರೆಪ್ಪೆಯ ಅಂಚಿನ ಕುರುವೂ ಸಾಮಾನ್ಯ. ಇವುಗಳನ್ನು ವೈದ್ಯರು ಕಣ್ಣಿನಿಂದಲೇ ನೋಡಿ ಹೇಳಬಲ್ಲರು.

ಸಿ.ಟಿ.ಯಲ್ಲಿ ವಿಕಿರಣವಿದೆ. ತಲೆಯ ಒಂದು ಸಿ.ಟಿ.ಯಿಂದ ಸುಮಾರು 2 ಮಿಲಿಸೀವರ್ಟ್ ತಾಗುತ್ತದೆ. ಪ್ರಪಂಚದ ಸರಾಸರಿಯಂತೆ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ತಾಗುತ್ತದೆ. ಬೇಕಾದಾಗ ಹೆದರಬೇಕಾದ ಪ್ರಮಾಣವಲ್ಲ; ಬೇಡವಾದಾಗ, ಅದರಲ್ಲೂ ಮಕ್ಕಳಿಗೆ, ಒತ್ತಾಯಿಸಿ ಮಾಡಿಸುವ ವಸ್ತುವೂ ಅಲ್ಲ.

ಕೃಷಿಕರಿಗೆ ವಿಶೇಷ ಎಚ್ಚರಿಕೆ

ಕತ್ತಿ ಮಸೆಯುವಾಗ, ಹಾರೆ-ಪಿಕ್ಕಾಸಿಗೆ ಸುತ್ತಿಗೆಯಿಂದ ಬಡಿಯುವಾಗ, ಹುಲ್ಲು ಕತ್ತರಿಸುವ ಯಂತ್ರ ನಡೆಸುವಾಗ ಕಬ್ಬಿಣದ ಚೂರು ಕಣ್ಣಿಗೆ ಹಾರಬಹುದು. ಆಗ ನೋವು ಹೆಚ್ಚಿಲ್ಲದೆಯೂ ಚೂರು ಒಳಗೆ ಹೋಗಿರುತ್ತದೆ. ಅಂಥವರು ಎಂ.ಆರ್.ಐ. ಕೋಣೆಗೆ ಹೋದರೆ ಅಯಸ್ಕಾಂತವು ಚೂರನ್ನು ಎಳೆದು ಕಣ್ಣನ್ನೇ ಹಾಳುಮಾಡಬಹುದು. ಹಿಂದೆ ಎಂದಾದರೂ ಕಣ್ಣಿಗೆ ಲೋಹ ಹಾರಿದ್ದರೆ ಮೊದಲೇ ಹೇಳಬೇಕು. ಲೋಹದ ಸಂಶಯಕ್ಕೆ ಸಿ.ಟಿ.ಯೇ ಸರಿ.

ಕಟ್ಟಿಗೆಯ ಚೂರು, ಬಿದಿರಿನ ಸಿಬಿರು ಬೇರೆಯೇ ತೊಡಕು. ಒಣ ಕಟ್ಟಿಗೆಯೊಳಗೆ ಗಾಳಿ ಇರುವುದರಿಂದ ಸಿ.ಟಿ.ಯಲ್ಲಿ ಅದು ಗಾಳಿಯಂತೆ ಕಪ್ಪಾಗಿ ಕಾಣುತ್ತದೆ. ಹೇಳದಿದ್ದರೆ ಕಣ್ತಪ್ಪಿ ಹೋಗಬಹುದು. ಒಳಗೆ ಉಳಿದ ಸಿಬಿರು ವಾರಗಳ ಬಳಿಕ ಕೀವು ಕಟ್ಟುತ್ತದೆ. ಸೋಗೆಯ ತುದಿ, ಭತ್ತದ ತೆನೆ ಕಣ್ಣಿನ ಕಪ್ಪುಭಾಗಕ್ಕೆ ತಾಗಿದಾಗ ಬೂಷ್ಟಿನ ಹುಣ್ಣು ಬರುವುದುಂಟು. ಆಗ ಅಂಗಡಿಯಿಂದ ತಂದ ಸ್ಟಿರಾಯ್ಡ್ ಡ್ರಾಪ್ಸ್ ಹಾಕಿದರೆ ಹುಣ್ಣು ಆಳಕ್ಕಿಳಿಯುತ್ತದೆ.

ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುವಾಗ ಕಣ್ಣಿಗೆ ಸಿಡಿದರೆ ಯಾವ ಚಿತ್ರಕ್ಕೂ ಕಾಯುವಂತಿಲ್ಲ. ಅಲ್ಲೇ ಶುದ್ಧ ನೀರಿನಿಂದ ರೆಪ್ಪೆ ಬಿಡಿಸಿ ಅರ್ಧ ತಾಸು ತೊಳೆದು, ಸುಣ್ಣದ ಕಣ ಉಳಿಯದಂತೆ ನೋಡಿ, ಆಮೇಲೆ ಆಸ್ಪತ್ರೆಗೆ ಓಡಬೇಕು.

ಮನೆಯಲ್ಲಿ ಐದು ಪರೀಕ್ಷೆ

ರಾತ್ರಿ ಮಗುವಿನ ಕಣ್ಣು ಊದಿದರೆ ಒಂದು ಟಾರ್ಚ್ ಹಿಡಿದು ಇಷ್ಟನ್ನು ನೋಡಿರಿ. ಗುಡ್ಡೆಯನ್ನು ಒತ್ತಬೇಡಿ.

1. ಒಂದು ಕಣ್ಣು ಮುಚ್ಚಿ ಊದಿದ ಕಣ್ಣಿನಿಂದ ಕ್ಯಾಲೆಂಡರಿನ ಅಂಕೆ ಓದಿಸಿರಿ. ಮಂಜಾಗಿದೆಯೇ?

2. ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ ನೋಡಿಸಿರಿ. ನೋವಾಗುತ್ತದೆಯೇ, ಗುಡ್ಡೆ ಅರ್ಧದಲ್ಲಿ ನಿಲ್ಲುತ್ತದೆಯೇ, ಎರಡೆರಡು ಕಾಣುತ್ತದೆಯೇ?

3. ಕುಳ್ಳಿರಿಸಿ ಹಿಂದಿನಿಂದ ತಲೆಯ ಮೇಲಾಗಿ ನೋಡಿರಿ. ಒಂದು ಗುಡ್ಡೆ ಮುಂದೆ ಬಂದಿದೆಯೇ?

4. ಕೆಂಪು ಬಟ್ಟೆಯನ್ನು ಒಂದೊಂದೇ ಕಣ್ಣಿಗೆ ತೋರಿಸಿರಿ. ಊದಿದ ಕಣ್ಣಿಗೆ ಕೆಂಪು ಮಾಸಿದಂತೆ ಕಾಣುತ್ತದೆಯೇ?

5. ಜ್ವರ, ವಾಂತಿ, ತೀವ್ರ ತಲೆನೋವು, ಮಂಪರು ಇದೆಯೇ?

ಒಂದಕ್ಕೆ ಹೌದು ಎಂದು ಉತ್ತರ ಬಂದರೂ ಬೆಳಗಾಗುವ ತನಕ ಕಾಯಬಾರದು. ರೆಪ್ಪೆ ಬಿಡಿಸಲಾಗದಷ್ಟು ಊದಿದ್ದರೆ, ಅಥವಾ ಔಷಧಿ ಶುರುಮಾಡಿ ಒಂದೆರಡು ದಿನವಾದರೂ ಇಳಿಯದಿದ್ದರೆ ಕೂಡ ಹಾಗೆಯೇ. ಸಕ್ಕರೆ ಕಾಯಿಲೆಯವರಿಗೆ ಮುಖದ ಒಂದೇ ಬದಿಯ ನೋವು, ಜೋಮು, ಮೂಗಿನಲ್ಲೋ ಅಂಗುಳಲ್ಲೋ ಕಪ್ಪು ಕಂಡರೆ ಆ ಕ್ಷಣವೇ ಹೊರಡಬೇಕು.

ಹೊರಡುವಾಗ

ಕಣ್ಣಿನ ವೈದ್ಯರೂ ಸಿ.ಟಿ.ಯೂ ಇರುವ ಆಸ್ಪತ್ರೆ ಯಾವುದು, ರಾತ್ರಿ ತೆರೆದಿರುತ್ತದೆಯೇ ಎಂದು ಮೊದಲೇ ತಿಳಿದಿರಬೇಕು. ಗಡಿನಾಡಿನ ನಮಗೆ ಇದು ಇನ್ನೂ ಮುಖ್ಯ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಪಟ್ಟ ಪಾಡನ್ನು ಮರೆಯುವಂತಿಲ್ಲ. ಗಡಿಯ ಈಚೆ ಒಂದು, ಆಚೆ ಒಂದು, ಎರಡು ಆಸ್ಪತ್ರೆಗಳ ಫೋನ್ ನಂಬರನ್ನು ಗೋಡೆಯ ಮೇಲೆ ಬರೆದಿಡಿ.

ಹಳೆಯ ಚೀಟಿ, ತಿನ್ನುವ ಮಾತ್ರೆಗಳು, ವಿಮೆಯ ಕಾರ್ಡು ಜೊತೆಗಿರಲಿ. ಹಿಂದೆ ಸ್ಕ್ಯಾನಿನ ಔಷಧಿಯಿಂದ ಮೈ ತುರಿಸಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಗರ್ಭಿಣಿಯಾಗಿದ್ದರೆ ಹೇಳಬೇಕು. ಔಷಧಿ ಕೊಡುವ ಮೊದಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಕೇಳಬಹುದು. ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಮೂತ್ರಪಿಂಡ ದುರ್ಬಲವಿದ್ದರೆ ಅದನ್ನು ತುಸು ಕಾಲ ನಿಲ್ಲಿಸಲು ಹೇಳಬಹುದು. ಸ್ಕ್ಯಾನಿನ ಚಿತ್ರ ಮತ್ತು ವರದಿ ಎರಡನ್ನೂ ಜೋಪಾನವಾಗಿಡಿ. ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.

ನೆನಪಿನಲ್ಲಿಡಿ

ಬಾವು ಒಂದೇ ತರಹ ಕಂಡರೂ ಕಾರಣ ಒಂದೇ ಅಲ್ಲ. ಪರದೆಯ ಮುಂದೆ ಇದ್ದರೆ ಔಷಧಿ, ಹಿಂದೆ ಇದ್ದರೆ ಆಸ್ಪತ್ರೆ. ಸಿ.ಟಿ. ಸೈನಸ್ಸನ್ನೂ ಕೀವನ್ನೂ ತೋರಿಸುತ್ತದೆ, ಎಂ.ಆರ್.ಐ. ಕೀವಿಗೂ ಬಾವಿಗೂ ಇರುವ ವ್ಯತ್ಯಾಸವನ್ನೂ ಸತ್ತ ಭಾಗವನ್ನೂ ಇನ್ನಷ್ಟು ಬಿಡಿಸಿ ತೋರಿಸುತ್ತದೆ. ಕಾರಣ ತಿಳಿಯುವ ಮೊದಲು ಸ್ಟಿರಾಯ್ಡ್ ಬೇಡ, ಅದು ಮಾತ್ರೆಯಾದರೂ ಡ್ರಾಪ್ಸ್ ಆದರೂ.

ತೋಟದಲ್ಲಿ ಒಂದು ಮರ ಹೋದರೆ ಇನ್ನೊಂದು ಸಸಿ ನೆಡಬಹುದು, ಐದಾರು ವರ್ಷದಲ್ಲಿ ಫಲ ಬಂದೀತು. ಹೋದ ಕಣ್ಣಿಗೆ ಮರುನಾಟಿ ಇಲ್ಲ. ಈ ಹಾಳೆಯನ್ನು ಓದಿ ಮಡಚಿಡುವ ಮೊದಲು ಮನೆಯ ಔಷಧಿ ಡಬ್ಬಿಯನ್ನು ಒಮ್ಮೆ ತೆರೆದು ನೋಡಿರಿ. ಯಾರದೋ ಚೀಟಿಯಲ್ಲಿ ಉಳಿದ ಕಣ್ಣಿನ ಡ್ರಾಪ್ಸ್ ಅದರಲ್ಲಿದ್ದರೆ ಅದನ್ನು ಇವತ್ತೇ ಹೊರಗೆ ಹಾಕಿರಿ.